ಟೈಲರ್ ಪಾಪಾತಿಯ ಸಾವು

ದಾಳ ರಟ್ಟಿನ ಮರೆಯಲ್ಲಿ ಎರಡು ಸುತ್ತು ಉರುಳಿ ನಿಂತಿತು. ಮೇಲಿದ್ದದ್ದು ನಾಲ್ಕು.

"ಒಂದು," ಎಂದ ನಾಗರಾಜು.

ಮೇಜಿನ ಸುತ್ತ ಮೂವರು ಕೂತಿದ್ದರು. ಒಂದು ಬಿದ್ದರೆ ಸಾವು, ಮಿಕ್ಕ ಏನು ಬಿದ್ದರೂ ಬದುಕು. ಆಟ ಶುರುವಾದ ಆರು ವರ್ಷದಿಂದ ಅದೇ ಕಟ್ಟಳೆ. ಆಟದ ಕತೆಯಲ್ಲಿ ಕತ್ತಲರಾಯನೆಂಬ ಖಳ ಕಿತ್ತೆಸೆದ ಗಡಿಯಾರದ ಗೋಪುರ ಟೈಲರ್ ಪಾಪಾತಿಯ ಅಂಗಡಿಯ ಮೇಲೆ ಬಿದ್ದಿತ್ತು. ಪಾಪಾತಿ ಒಳಗಿದ್ದಳು. ರಟ್ಟಿನ ಹಿಂದೆ ಏನು ಬಿತ್ತೆಂದು ನೋಡುವ ಹಕ್ಕು ಕತೆ ನಡೆಸುವವನದು ಮಾತ್ರ. ಯಾರೂ ಒಂದು ದಿನವೂ ಎದ್ದು ಬಗ್ಗಿ ನೋಡಿದವರಲ್ಲ, ಯಾಕೆಂದರೆ ನಾಗರಾಜು ಒಂದು ದಿನವೂ ಸುಳ್ಳು ಹೇಳಿದವನಲ್ಲ. ಇದು ಮೊದಲನೆಯದು.

ನಂಜನಾಡಿನಲ್ಲಿ ಅವನ ಕ್ಯಾರೆಟ್ ತೊಳೆಯುವ ಶೆಡ್ಡಿನ ಮೇಲೊಂದು ಕೋಣೆಯಿದೆ. ಭಾನುವಾರ ಯಂತ್ರ ನಿಲ್ಲುತ್ತದೆ. ಊಟವಾದ ಮೇಲೆ ನಾಲ್ಕು ಜನ ಅಲ್ಲಿ ಸೇರಿ ಆಟವಾಡುತ್ತಾರೆ. ಆಟವೆಂದರೆ ಇಸ್ಪೀಟಲ್ಲ, ಕೇರಮ್ ಅಲ್ಲ. ಏಳುಬೆಟ್ಟ ಎಂಬ ಇಲ್ಲದ ಊರಿನ ಕತೆಯನ್ನು ನಾಗರಾಜು ಹೇಳುತ್ತಾನೆ, ಉಳಿದ ಮೂವರು ಅದರೊಳಗಿನ ಮಹಾಶಕ್ತಿಯ ವೀರರಾಗಿ ಮಾತಾಡುತ್ತಾರೆ. ಕೈಮೀರಿದ ಕಡೆ ದಾಳ ತೀರ್ಮಾನಿಸುತ್ತದೆ. ಜೀಪು ಓಡಿಸುವ ದೇವ ಮಂಜಾಗಿ ಕರಗಬಲ್ಲ ಮಂಜುಮಾರ. ಅರವಂಕಾಡು ಫ್ಯಾಕ್ಟರಿಯ ಫಿಟ್ಟರ್ ಪ್ರವೀಣ್‌ಕುಮಾರ್ ಆಕಾಶದಿಂದ ಧುಮುಕುವ ಸಿಡಿಲಪ್ಪ. ಎಮರಾಲ್ಡ್‌ನ ಕರೆಂಟ್ ಆಫೀಸಿನಲ್ಲಿ ಗುಮಾಸ್ತೆಯಾಗಿರುವ, ಪಕ್ಕದ ಹಟ್ಟಿಯ, ಬೆಟ್ಟದ ಬಡಗ ಜನಾಂಗದ ಸಿಂಧುಜಾ ಕಲ್ಲಾಗುವ ಕಲ್ಲಕ್ಕ. ಆಟದಲ್ಲಿ ಸತ್ತವರ ಹೆಸರಿನ ಚೀಟಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಗೆ ಹೋಗುತ್ತದೆ. ಹೋದದ್ದು ಮತ್ತೆ ಹೊರಗೆ ಬಂದದ್ದಿಲ್ಲ.

ಆರು ವರ್ಷ ಒಂದೇ ಕತ್ತಲರಾಯನನ್ನು ಹೊಡೆದರೆ ಯಾರಿಗೆ ಬೇಸರವಾಗುವುದಿಲ್ಲ? ಈ ವರ್ಷ ದೇವ ಆಟದ ನಡುವೆ ಫೋನು ಉಜ್ಜತೊಡಗಿದ್ದ. ಪ್ರವೀಣ್‌ಕುಮಾರ್ ಎರಡು ವಾರ ಬರಲೇ ಇಲ್ಲ. ಆಗ ಸಿಂಧುಜಾ ಮೆಲ್ಲಗೆ ಹೇಳಿದಳು.

"ಅಣ್ಣಾ, ಕತ್ತಲರಾಯ ಮೂರು ವಾರ ಲೀವು ಹಾಕ್ಲಿ. ಅದೇ ಊರಲ್ಲಿ ಒಂದು ಸಣ್ಣ ಕತೆ ನಾನು ನಡೆಸ್ತೀನಿ. ವೀರರು ಬೇಡ, ಊರಿನ ಜನ. ಆಮೇಲೆ ನಿಮ್ಮ ದೊಡ್ಡ ಕತೆಗೆ ವಾಪಸ್."

"ಸೆರಿ, ನಡೆಸಮ್ಮ," ಎಂದಿದ್ದ ನಾಗರಾಜು. ಹೊಳೆ ತನ್ನದು, ಕಾಲುವೆ ಯಾರು ತೋಡಿದರೇನು ಎಂಬ ದೊಡ್ಡಸ್ತಿಕೆ ಅವನದು.

ಅವಳ ಕತೆಯಲ್ಲಿ ದೇವ ಬಸ್ ಡ್ರೈವರಾದ. ವೀರರು ಸೇತುವೆ ಮುರಿದಾಗಲೆಲ್ಲ ರೂಟು ಬದಲಿಸಬೇಕಾದವನು. ಸಿಡಿಲಪ್ಪ ಬಂದಿಳಿದಾಗಲೆಲ್ಲ ಮನೆಯ ಹೆಂಚು ಒಡೆದು, ಆಫೀಸಿಗೆ ಅರ್ಜಿ ಕೊಟ್ಟು ಕೊಟ್ಟು ಸವೆದ ಮುದುಕನಾದ ಪ್ರವೀಣ್‌ಕುಮಾರ್ ತನ್ನ ವೀರನನ್ನು ತಾನೇ ಬಾಯಿತುಂಬ ಬೈದ. ಟೈಲರ್ ಪಾಪಾತಿ ಸಿಂಧುಜಾಳ ಬಾಯಿಂದ ಬಂದವಳು. ವೀರರ ಹರಿದ ಉಡುಪನ್ನೆಲ್ಲ ಹೊಲಿಯುವವಳು, ಯಾರು ಯಾರೆಂದು ಬಲ್ಲವಳು, ಯಾರಿಗೂ ಹೇಳದವಳು. "ಹಾರೋಕೆ ಮುಂಚೆ ಗುಂಡಿ ಹಾಕ್ಕೊಳ್ಳೋ ಮೂದೇವಿ" ಎಂದು ಅವಳು ಗದರಿದ ದಿನ ದೇವ ಬೆಂಚಿನಿಂದ ಬೀಳುವಷ್ಟು ನಕ್ಕಿದ್ದ. ಆಮೇಲೆ ಎರಡು ಗಂಟೆಗೆ ಶುರುವಾಗುವ ಆಟಕ್ಕೆ ಒಂದೂವರೆಗೇ ಬರತೊಡಗಿದ, ಅದೂ ಬೇಕರಿಯ ಬಿಸಿ ವರ್ಕಿ ಬಿಸ್ಕತ್ತಿನ ಪೊಟ್ಟಣ ಹಿಡಿದು. ಆರು ವರ್ಷದಲ್ಲಿ ನಾಗರಾಜುವಿನ ಕತೆಗೆ ಅವನು ಒಂದು ಬಿಸ್ಕತ್ತೂ ತಂದಿರಲಿಲ್ಲ.

ನಾಗರಾಜುವಿಗೆ ಹೊಟ್ಟೆ ಉರಿಯಿತು. ಸುಮ್ಮನೆ ಉರಿಯಲಿಲ್ಲ, ಧಗಧಗ ಉರಿಯಿತು. ಏಳುಬೆಟ್ಟದ ಒಂದೊಂದು ಬೀದಿಗೂ ಹೆಸರಿಟ್ಟವನು ಅವನು. ನಿನ್ನೆ ಮೊನ್ನೆ ಬಂದ ಒಂದು ಸೂಜಿ ದಾರ ಆ ಊರನ್ನೆಲ್ಲ ತನ್ನದು ಮಾಡಿಕೊಂಡಿತ್ತು. ರಾತ್ರಿ ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದವನನ್ನು ಕಂಡು ಹೆಂಡತಿ ಗೀತಾಂಜಲಿ ಹೇಳಿದಳು, "ಹೊಟ್ಟೇಲೇ ಒಲೆ ಹಚ್ಕೊಂಡು ಕೂತಿದೀರಲ್ಲ, ಸಾರೂ ಅದರ ಮೇಲೇ ಇಟ್ಬಿಡ್ಲಾ?"

"ಚೆನ್ನಾಗಿ ಮಾಡ್ತಾಳೆ ಆ ಹುಡುಗಿ," ಎಂದ ನಾಗರಾಜು. ಅದೇ ಅವನ ಸಂಕಟ. ಕೆಟ್ಟದಾಗಿ ಮಾಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಹಾಗಾಗಿ ನಾಲ್ಕನೆಯ ಭಾನುವಾರ, ಕತೆ ತನ್ನ ಕೈಗೆ ಬಂದ ಅರ್ಧ ಗಂಟೆಯೊಳಗೇ ಅವನು ಗೋಪುರ ಕೀಳಿಸಿದ. ಬಿದ್ದದ್ದು ನಾಲ್ಕು, ಹೇಳಿದ್ದು ಒಂದು.

"ಬಿದ್ದದ್ದು ಬಿದ್ದದ್ದೇ," ಎಂದಳು ಸಿಂಧುಜಾ. ಪಾಪಾತಿಯ ಚೀಟಿಯನ್ನು ಎರಡು ಸಲ ಮಡಿಸಿ ಡಬ್ಬಿಗೆ ಹಾಕಿ, ಮುಚ್ಚಳವನ್ನು ಅಂಗೈಯಿಂದ ಒತ್ತಿದಳು. ಅವಳು ಜಗಳವಾಡುತ್ತಾಳೆಂದು ಕಾದಿದ್ದ ನಾಗರಾಜುವಿಗೆ ಕಾಲಿಟ್ಟ ಕಡೆ ಮೆಟ್ಟಿಲು ಇಲ್ಲದಂತಾಯಿತು.

"ಮುಂದೆ ಹೋಗೋಣ. ಕತ್ತಲರಾಯ ಈಗ..."

"ಇರಿ ಅಣ್ಣಾ," ಎಂದ ದೇವ. "ಹೆಣ ಅಲ್ಲೇ ಇದೆ. ಬಿಟ್ಟು ಹೋಗೋದಾ?"

"ಸಾವಿನ ಕಾರ್ಯ ಮಾಡೋಣ," ಎಂದಳು ಸಿಂಧುಜಾ. "ನಮ್ಮ ಹಟ್ಟಿ ರೀತಿಯಲ್ಲಿ. ಪಾಪ ಹೇಳದೆ ನಾವು ಯಾರನ್ನೂ ಕಳಿಸೋದಿಲ್ಲ."

ನಾಗರಾಜು ಬಡಗನಲ್ಲ, ಅವನ ತಾತ ಗುಂಡ್ಲುಪೇಟೆ ಕಡೆಯಿಂದ ಆಲೂಗಡ್ಡೆ ವ್ಯಾಪಾರಕ್ಕೆ ಬಂದವನು. ಆದರೆ ಈ ಹಟ್ಟಿಗಳ ಸಾವುಗಳಿಗೆ ಅವನು ಎಷ್ಟೋ ಸಲ ಹೋಗಿದ್ದ. ಹಿರಿಯನೊಬ್ಬ ನಿಂತು, ಸತ್ತವರು ಮಾಡಿರಬಹುದಾದ ತಪ್ಪುಗಳನ್ನು ಒಂದೊಂದಾಗಿ ಹೇಳುತ್ತಾನೆ. ಸುತ್ತ ನಿಂತವರೆಲ್ಲ ಒಂದೇ ದನಿಯಲ್ಲಿ ಪಾಪವೆಂದು ಒಪ್ಪುತ್ತಾರೆ. ಒಪ್ಪಿದ್ದೆಲ್ಲ ಕಳೆಯುತ್ತದೆ, ಸತ್ತವರು ಹಗುರಾಗಿ ಹೋಗುತ್ತಾರೆ.

ಸಿಂಧುಜಾ ಎದ್ದು ನಿಂತಳು. ಪ್ರವೀಣ್‌ಕುಮಾರ್ ಟೋಪಿ ತೆಗೆದ.

"ಹಾದೀಲಿ ಮುಳ್ಳು ಕಂಡೂ ತೆಗೀದೆ ಬಂದಿದ್ರೆ," ಎಂದಳು. ಯಾವಾಗಲೂ ಮೆಲ್ಲಗಿರುವ ಅವಳ ದನಿ ಕೊಂಚ ಏರಿತು.

"ಪಾಪ," ಎಂದರು ಇಬ್ಬರು.

"ಹೇಳಿದ ದಿನಕ್ಕೆ ಬಟ್ಟೆ ಹೊಲಿದು ಕೊಡದೆ ಇದ್ರೆ."

"ಪಾಪ." ದೇವನಿಗೆ ನಗು ಬಂತು, ಆದರೆ ಕಣ್ಣು ಒದ್ದೆಯಾಗಿತ್ತು.

"ಗಿರಾಕಿ ತುಂಡುಬಟ್ಟೇಲಿ ಮೊಮ್ಮಗಳಿಗೆ ಲಂಗ ಹೊಲಿದಿದ್ರೆ."

"ಪಾಪ."

ನಾಗರಾಜುವಿಗೆ ತಡೆಯಲಾಗಲಿಲ್ಲ. ಅವನು ಕೊಂದ ಮುದುಕಿ ಸತ್ತ ಮೇಲೂ ಅವನ ಮೇಜನ್ನು ಗೆದ್ದುಕೊಂಡು ಕೂತಿದ್ದಳು. ಇಷ್ಟು ಚೆಂದದ ಆಟ ಈ ಕೋಣೆಯಲ್ಲಿ ಎಂದೂ ಆಗಿರಲಿಲ್ಲ, ಅದರಲ್ಲಿ ಅವನಿಗೆ ಒಂದು ಮಾತೂ ಇರಲಿಲ್ಲ.

"ಪಕ್ಕದವರ ಹೊಲ ಹಸಿರಾದದ್ದು ಕಂಡು ಹೊಟ್ಟೆ ಉರಿದಿದ್ರೆ," ಎಂದಳು ಸಿಂಧುಜಾ. ಅವಳ ಕಣ್ಣು ಡಬ್ಬಿಯ ಮೇಲಿತ್ತು. ಅದು ಅವಳ ಹಟ್ಟಿಯ ಹಿರಿಯರು ಎಲ್ಲರಿಗೂ ಹೇಳುವ ಮಾತು, ಅಷ್ಟೇ.

"ಪಾಪ," ಎಂದರು ಇಬ್ಬರು.

"ಕಂಡದ್ದನ್ನ ಮುಚ್ಚಿ ಕಾಣದ್ದನ್ನ ಹೇಳಿದ್ರೆ."

ಈ ಸಲ ಮೊದಲು ಬಂದದ್ದು ನಾಗರಾಜುವಿನ ದನಿ. "ಪಾಪ," ಎಂದ. ಅದು ಅವನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು, ಉಳಿದವರು ಹೇಳುವುದನ್ನು ಮರೆತು ಅವನತ್ತ ತಿರುಗಿದರು.

"ಪಾಪಾತಿ ಅಂಥೋಳಲ್ಲ," ಎಂದ ನಾಗರಾಜು. "ಆ ಪಾಪ ಅವಳ ಲೆಕ್ಕಕ್ಕೆ ಹಾಕ್ಬೇಡಮ್ಮ."

ಅವನು ರಟ್ಟನ್ನು ಎರಡು ಕೈಯಲ್ಲೂ ಹಿಡಿದೆತ್ತಿ, ಕುರ್ಚಿಯ ಪಕ್ಕ ನೆಲದ ಮೇಲೆ ಇಟ್ಟ. ದಾಳ ಬಿದ್ದಲ್ಲೇ ಇತ್ತು, ನಾಲ್ಕು ಮೇಲಾಗಿ. ದೇವ ಬಗ್ಗಿ ನೋಡಿದ, ಪ್ರವೀಣ್‌ಕುಮಾರ್ ನೋಡಿದ. ಯಾರೂ ಅದನ್ನು ಮುಟ್ಟಲಿಲ್ಲ.

ಸಿಂಧುಜಾಳೂ ನೋಡಿದಳು. ಆಮೇಲೆ ಕೂತು, ಪಾಪಾತಿಯ ಚೀಟಿಯಿದ್ದ ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲೆ ಅವನ ಕಡೆಗೆ ಸರಿಸಿದಳು.

ಮುಚ್ಚಳ ಬಿಗಿಯಾಗಿ ಕೂತಿತ್ತು. ನಾಗರಾಜು ಡಬ್ಬಿಯನ್ನು ಎದೆಗೊತ್ತಿಕೊಂಡು, ಮುಚ್ಚಳದ ಅಂಚಿಗೆ ಉಗುರು ಕೊಟ್ಟ.