ಬಾಯಿ ತೆರೆದ ಗೆಂಡೆಗಳು

ಎಂಬತ್ತೇಳರ ಬೇಸಿಗೆ. ಜೋಗೇಶ್ವರಿಯ ಚಾಳಿನ ಹಿಂದಿನ ಕೆರೆಯಲ್ಲಿ ಮತ್ತೆ ಗೆಂಡೆ ಮೀನು ಸತ್ತು ತೇಲಿದ್ದವು. ಸೇವಂತಿಗೆ ಮೈಯೆಲ್ಲ ಉರಿಯಿತು. ಅವಳು ಮದುವೆಯಾಗಿ ಬಂದಾಗ ಕೆರೆಯ ತುಂಬ ಹೊಳೆಯುತ್ತಿದ್ದ ಮೀನು ಈಗ ಒಂದು ಮೂಲೆಯಲ್ಲಷ್ಟೇ ಉಳಿದಿತ್ತು. ಅದೂ ಹೋದರೆ ಇನ್ನು ಸೊಳ್ಳೆಯದೇ ರಾಜ್ಯ. ಬಲೆ ಹಾಕಬಾರದೆಂದು ಚಾಳಿನ ಕಮಿಟಿಯವರು ಹೋದ ವರ್ಷವೇ ಬೋರ್ಡ್ ನೆಟ್ಟಿದ್ದರು. ಮೀನು ತಪ್ಪಿಸಿಕೊಳ್ಳದಿರಲೆಂದು ಗುಡ್ಡದ ನೀರು ಬರುವ ಕಾಲುವೆಗೆ ಜಾಲರಿಯನ್ನೂ ಬಿಗಿದಿದ್ದರು. ಕೇಳಿದರೆ, ಬೋರ್ಡ್ ಇದೆಯಲ್ಲ ಎಂಬ ಉತ್ತರ. ಮೀನಿಗೆ ಓದು ಬರುತ್ತದೆಯೇ?

ಪಕ್ಕದ ಬಿಲ್ಡಿಂಗಿನ ವಿಮಲಾ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವರು. ಬೆಳಗ್ಗೆ ಹೋಗಿ ನೋಡೋಣ ಎಂದರು. ಹೋದರೆ ಅಲ್ಲಿದ್ದವನು ಸೇವಂತಿಯ ಗಂಡ ರಮಾನಾಥನೇ. ತನ್ನ ಹೋಟೆಲಿನಲ್ಲಿ ಉಳಿದ ಅನ್ನ, ಇಡ್ಲಿಯನ್ನು ಬುಟ್ಟಿಗಟ್ಟಲೆ ನೀರಿಗೆ ಸುರಿಯುತ್ತಿದ್ದ. ಊರಿನ ದೇವಸ್ಥಾನದ ಹೊಳೆಯಲ್ಲಿ ಮೀನಿಗೆ ಅನ್ನ ಹಾಕಿ ಬೆಳೆದವನು. ಗೆಂಡೆಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

“ನೋಡಿ ಟೀಚರ್, ಎಂತ ಹಸಿವು ಪಾಪ,” ಎಂದ.

“ಹಸಿವಲ್ಲ ರೀ, ಅವಕ್ಕೆ ಉಸಿರು ಕಟ್ಟಿದೆ,” ಎಂದರು ವಿಮಲಾ. ಅನ್ನ ಕೊಳೆತರೆ ನೀರಿನೊಳಗಿನ ಗಾಳಿಯೆಲ್ಲ ಅದಕ್ಕೇ ಖರ್ಚಾಗುತ್ತದೆ, ಹರಿಯುವ ಹೊಳೆಯ ಲೆಕ್ಕ ನಿಂತ ಕೆರೆಗೆ ಹೊಂದುವುದಿಲ್ಲ ಎಂದು ಬಿಡಿಸಿ ಹೇಳಿದರು.

ರಮಾನಾಥ ನಂಬಲಿಲ್ಲ. ಅಜ್ಜನ ಕಾಲದಿಂದ ಬಂದ ಪುಣ್ಯದ ಕೆಲಸ ಎಂದು ವಾದಕ್ಕೆ ನಿಂತ.

ಸೇವಂತಿಗೆ ತಡೆಯಲಾಗಲಿಲ್ಲ. “ಉಸಿರಿಗೆ ಬಾಯಿ ಬಿಟ್ಟವರ ಬಾಯಿಗೆ ಇಡ್ಲಿ ತುರುಕುವುದು ಯಾವ ಪುಣ್ಯ ಮಾರಾಯ್ರೆ?”

ಮಳೆಗಾಲದವರೆಗೆ ನಿಲ್ಲಿಸಿ ನೋಡುವುದು, ಆಗಲೂ ಮೀನು ಸತ್ತರೆ ಬೇರೆ ಕಾರಣ ಹುಡುಕುವುದು ಎಂದು ಒಪ್ಪಂದವಾಯಿತು. ಅನ್ನ ನಿಂತಿತು. ನಿಧಾನಕ್ಕೆ ಮೀನು ಬಾಯಿ ಬಿಡುವುದೂ ನಿಂತಿತು. ರಮಾನಾಥ ಮೆತ್ತಗಾದ. ಆದರೆ ವಿಮಲಾ ಅಷ್ಟಕ್ಕೇ ಬಿಡಲಿಲ್ಲ, ಮರಿಗಳೇಕೆ ಇಲ್ಲ ಎಂದು ಕೇಳುತ್ತಲೇ ಇದ್ದರು.

ಮೊದಲ ಮಳೆಗೆ ಕಾರಣ ಕಂಡಿತು. ಮೊಟ್ಟೆ ತುಂಬಿದ ಗೆಂಡೆಗಳು ಮರಿ ಮಾಡಲೆಂದು ಕಾಲುವೆಯ ಹೊಸ ನೀರಿಗೆ ಹತ್ತಲು ಹೋಗಿ ಕಮಿಟಿಯ ಜಾಲರಿಗೆ ಬಡಿದು ಬೀಳುತ್ತಿದ್ದವು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು. ಜಾಲರಿ ತೆಗೆಯಿರಿ ಎಂದರೆ ಕಮಿಟಿಯವರು ಮೊದಲು ಮೀಟಿಂಗ್ ಆಗಲಿ ಎಂದರು.

“ತಪ್ಪೂಂತ ಗೊತ್ತಾದ ಮೇಲೆ ಮೀಟಿಂಗ್ ಎಂತಕ್ಕೆ?” ಎಂದ ರಮಾನಾಥ ಪಂಚೆ ಎತ್ತಿ ಕಟ್ಟಿ ನೀರಿಗಿಳಿದು ಜಾಲರಿಯನ್ನು ಕಿತ್ತೆಸೆದ. ಗೆಂಡೆಗಳು ಅವನ ಕಾಲಿಗೆ ತಾಗಿಕೊಂಡೇ ಮೇಲಕ್ಕೆ ಹೋದವು.

ನಿಮ್ಮಲ್ಲೂ ಒಂದು ಕೆರೆ ಉಳಿದಿದ್ದರೆ ಬೋರ್ಡ್ ಹಾಕಿ ಕೈ ತೊಳೆದುಕೊಳ್ಳಬೇಡಿ. ಒಂದು ಕ್ರಮ ಕೈಗೊಳ್ಳಿ, ಮೀನಿಗೆ ಏನಾಯಿತೆಂದು ಕಣ್ಣಾರೆ ನೋಡಿ, ತಪ್ಪಿದ್ದರೆ ನಾಚದೆ ಬದಲಾಯಿಸಿ, ಮುಂದಿನ ಮಳೆಗೆ ಮತ್ತೆ ನೋಡಿ. ಉಳಿದ ಅನ್ನವನ್ನು ಹಸಿದವರಿಗೆ ಕೊಡಿ. ಮೀನಿಗೆ ಉಸಿರಾಡಲು ಬಿಡಿ.