ಹೆದರಿಸುವ ಸುದ್ದಿ, ತಿಳಿಸುವ ಸುದ್ದಿ, ಅತ್ತೆಯ ಪೆನ್ಸಿಲ್

೧
ಈ ಕಥೆಯನ್ನು ಜ್ವರದಿಂದ ಶುರು ಮಾಡಲೇ, ಪೇಪರಿನಿಂದ ಶುರು ಮಾಡಲೇ? ಜ್ವರದಿಂದ ಎರಡು ಸಲ ಮಾಡಿದೆ. ಎರಡೂ ಸಲ ಮೊದಲ ಪುಟದಲ್ಲೇ ಒಬ್ಬ ಸತ್ತ. ನಗಿಸುವ ಕಥೆಗೆ ಹೆಣ ಯಾಕೆ ಎಂದು ಹರಿದು ಬಿಸಾಡಿದೆ. (ಸತ್ತವನು ಒಳ್ಳೆಯ ಪಾತ್ರವಾಗಿದ್ದ. ಇರಲಿ.)

೨
ಹಾಗಾದರೆ ಪೇಪರ್. ಒಂದು ಮನೆಯ ಸೊಸೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಊರಿಗೆ ಜ್ವರ ಬಂದಾಗ ಪತ್ರಿಕೆಗಳು ಅದನ್ನು ಹೇಗೆ ಬರೆದವು ಎಂಬುದು ವಿಷಯ. ಊಟದ ಮೇಜಿನ ಮೇಲೆ ನಾನೂರು ಸುದ್ದಿ ತುಣುಕುಗಳಿವೆ. ಒಂದೊಂದಕ್ಕೂ 'ಹೆದರಿಸುತ್ತದೆ' ಅಥವಾ 'ತಿಳಿಸುತ್ತದೆ' ಎಂದು ಗುರುತು ಹಾಕಬೇಕು. ಅವಳೊಬ್ಬಳೇ ಹಾಕಿದರೆ ನಡೆಯದು. ಇನ್ನೊಬ್ಬರು ಅವಳ ಗುರುತು ನೋಡದೆ ಅವೇ ತುಣುಕುಗಳಿಗೆ ಗುರುತು ಹಾಕಬೇಕು. ನೂರಕ್ಕೆ ಎಂಬತ್ತಾದರೂ ತಾಳೆಯಾಗಬೇಕು. ಇಲ್ಲದಿದ್ದರೆ ಗೈಡ್ ಸಹಿ ಹಾಕುವುದಿಲ್ಲ, ಐದು ವರ್ಷದ ದುಡಿಮೆ ನೀರುಪಾಲು. ಸೋಮವಾರ ಕೊನೆಯ ದಿನ.

ಇನ್ನೊಬ್ಬರು ಯಾರು? ಮನೆಯಲ್ಲಿ ಕೆಲಸವಿಲ್ಲದೆ ಕೂತಿದ್ದ ಅತ್ತೆ.

(ಅತ್ತೆ ಇದನ್ನು ಓದಿ ನನ್ನ ಮೇಲೆ ಹರಿಹಾಯ್ದರು. ಕೆಲಸವಿಲ್ಲ ಅಂತ ಬರೆಯೋಕೆ ನೀನು ಯಾರಪ್ಪ ಎಂದರು. ಆ ಸಾಲಿಗೆ ಅಡ್ಡಗೆರೆ ಎಳೆದಿದ್ದೇನೆ. ಆದರೂ ನೀವು ಓದಿದ್ದರೆ ಅದು ನಿಮ್ಮ ತಪ್ಪು.)

೨, ಮತ್ತೊಮ್ಮೆ
ತಾಳೆಯಾದದ್ದು ನೂರಕ್ಕೆ ಮೂವತ್ತೊಂದು. ಕಣ್ಣು ಮುಚ್ಚಿ ಗುರುತು ಹಾಕಿದ್ದರೂ ಐವತ್ತು ಬರುತ್ತಿತ್ತು.

"ಅತ್ತೆ, 'ಹನ್ನೆರಡು ಮಂದಿ ಆಸ್ಪತ್ರೆಗೆ.' ಇದು ತಿಳಿಸುತ್ತೆ ಅಂತೀರಾ?"

"ಹನ್ನೆರಡು ಅಂತ ತಿಳೀತಲ್ಲ."

"'ಜನ ಗಾಬರಿಯಾಗಬೇಕಿಲ್ಲ: ಅಧಿಕಾರಿ.' ಇದು ಹೆದರಿಸುತ್ತಾ?"

"ನಾನೆಲ್ಲಿ ಗಾಬರಿಯಾಗಿದ್ದೆ? ಅವನು ಬೇಡ ಅಂದ ಮೇಲೇ ಕಣೇ ನನ್ನ ಎದೆ ಧಸಕ್ ಅಂದಿದ್ದು."

೩
ಇಲ್ಲಿ ನಾನೊಂದು ಜಗಳ ಬರೆದಿದ್ದೆ. ಅತ್ತೆ, ಸೊಸೆ, ನಡುವೆ ನಾನೂರು ಕಾಗದ, ಜಗಳವಿಲ್ಲದೆ ಇನ್ನೇನು? ಇಬ್ಬರೂ ಆಡಲು ಒಪ್ಪಲಿಲ್ಲ. ನಿಮಗೆ ಬೇರೆ ಏನೂ ಬರಲ್ವಾ ಸಾರ್ ಎಂದು ಸೊಸೆ ಕೇಳಿದಳು. ಬರಲ್ಲ. ನಮ್ಮ ಹಳ್ಳಿ ಶಾಲೆಯಲ್ಲಿ ಇಷ್ಟೇ ಹೇಳಿಕೊಟ್ಟಿದ್ದು.

ಅಂತ್ಯ ಒಂದು: ಅತ್ತೆ ಗುರುತು ತಿದ್ದುತ್ತಾರೆ, ಸೊಸೆಗೆ ಪದವಿ, ನಮಸ್ಕಾರ. ಅತ್ತೆಗೆ ಹೇಳಿ ನೋಡಿದೆ. ಹೆದರಿದೋಳು ನಾನು, ತಿದ್ದೋದು ನೀನಾ ಎಂದರು.

ಅಂತ್ಯ ಎರಡು: ಸೊಸೆಯೇ ಕದ್ದು ತಿದ್ದುತ್ತಾಳೆ. ನಾನೇ ರಬ್ಬರ್ ಕೊಟ್ಟೆ. ಅವಳು ಅದನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು, ವಾಪಸ್ ಕೊಟ್ಟಳು.

"ಅವರಿಗೆ ನಿಜವಾಗಿ ಭಯ ಆಗಿದೆ ಸಾರ್. ಐದು ವರ್ಷದಿಂದ ನಾನು ಹುಡುಕ್ತಿದ್ದಿದ್ದು ಅದನ್ನೇ ಅಲ್ವಾ?"

ಪಾತ್ರಗಳಿಗೆ ಓದು ಜಾಸ್ತಿಯಾದರೆ ಇದೇ ಕಷ್ಟ.

೭
(ನಾಲ್ಕು, ಐದು, ಆರು ಚೆನ್ನಾಗಿರಲಿಲ್ಲ.)

ಸೋಮವಾರ. ಗೈಡ್ ಮೂವತ್ತೊಂದನ್ನು ನೋಡಿ ಕನ್ನಡಕ ತೆಗೆದರು. ಗುರುತು ಹಾಕಿದ ಎರಡನೆಯವರಿಗೆ ಓದಲು ಬರುತ್ತದೆಯೇ ಎಂದು ಕೇಳಿದರು. ಎರಡನೆಯವರು ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ಬರುತ್ತೆ, ಏನು ಓದಲಿ ಎಂದರು.

ಗೈಡ್ ಡ್ರಾಯರ್ ಎಳೆದು ಒಂದು ತುಣುಕು ತೆಗೆದರು. ಜ್ವರದ ಬಗ್ಗೆ ತಾವೇ ಬರೆದ ಅಂಕಣ, ಫೋಟೋ ಸಮೇತ.

"ಇದಕ್ಕೆ ಗುರುತು ಹಾಕಿ ಅಮ್ಮ. ಸರಿಯಾಗಿ ಹಾಕಿದ್ರೆ ಈಗಲೇ ಸಹಿ ಮಾಡ್ತೀನಿ."

ಅತ್ತೆ ಓದತೊಡಗಿದರು. ಅರ್ಧಕ್ಕೆ ಬಂದು ಫೋಟೋ ನೋಡಿದರು, ಗೈಡ್ ಮುಖ ನೋಡಿದರು, ಮತ್ತೆ ಮೊದಲಿನಿಂದ ಓದಲು ಹಿಡಿದರು. ಗೈಡ್ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು.

'ತಿಳಿಸುತ್ತದೆ' ಎಂದು ನಾನೇ ಬರೆದು ಮನೆಗೆ ಹೋಗಬಹುದು. ಮೊದಲ ಅಕ್ಷರ ಬರೆದೂ ಬಿಟ್ಟೆ. ಸೊಸೆ ನನ್ನ ಕೈ ಹಿಡಿದಳು.

"ಸುಮ್ನಿರಿ ಸಾರ್. ಅತ್ತೆ ಇನ್ನೂ ಓದ್ತಿದಾರೆ."