ನಾಲ್ಕನೆಯ ಹೆಗಲು

ಪಕ್ಕದ ಕೋಣೆಯಲ್ಲಿ ಅಪ್ಪನ ಶವಕ್ಕೆ ಸ್ನಾನ ಮಾಡಿಸುತ್ತಿದ್ದರು. ಇತ್ತ ಶುಹ್ರತ್ ಅಪ್ಪನ ಪೆಟ್ಟಿಗೆಯ ಬೀಗವನ್ನು ಚಾಕುವಿನಿಂದ ಮೀಟುತ್ತಿದ್ದ. ಬೀಗ ಕಳಚಿ ಬಂತು. ಒಳಗೆ ಅಮ್ಮನ ತಲೆವಸ್ತ್ರ, ಅಟ್ಟೆ ಸವೆದ ಎರಡು ಜೊತೆ ಬೂಟು. ಪತ್ರವಿಲ್ಲ, ಫೋಟೊ ಇಲ್ಲ. ಸಮಾಧಾನವಾಗಬೇಕಿತ್ತು, ಆಗಲಿಲ್ಲ. ತನಗಿಂತ ಮುಂಚೆ ಯಾರೋ ಬಂದು ಎಲ್ಲ ಎತ್ತಿಕೊಂಡು ಹೋಗಿರಬೇಕು ಅನ್ನಿಸಿತು.

ಬಾಗಿಲಲ್ಲಿ ತಂಗಿ ಮವ್ಲುದಾ ನಿಂತಿದ್ದಳು.

"ರೊಟ್ಟಿಯಂಗಡಿ ಸನೋಬರ್ ಬಂದಿದಾಳೆ ಅಣ್ಣ. ಮಗಳು ನಾನು, ನನಗಿಂತ ಜಾಸ್ತಿ ಅಳ್ತಿದಾಳೆ. ನಾನು ಆಗ್ಲೇ ಹೇಳಿರ್ಲಿಲ್ವಾ?"

*

ಅವರ ಅಪ್ಪ ಕುದ್ರತ್ ಮೂವತ್ತು ವರ್ಷ ಬುಖಾರಾದಿಂದ ಸಮರ್ಕಂದಿಗೆ ಟ್ಯಾಕ್ಸಿ ಓಡಿಸಿದವನು. ಊರಾಚೆ ಹೆದ್ದಾರಿಯ ಪಕ್ಕ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದ. ಅಲ್ಲಿ ಒಂದು ರೊಟ್ಟಿ ತರಬೇಕಾದರೂ ಕಾರು ಹತ್ತಬೇಕು. ಮೂರು ವರ್ಷದ ಹಿಂದೆ ಹೆಂಡತಿ ರೋಬಿಯಾ ತೀರಿಕೊಂಡಳು. ನಲವತ್ತನೆಯ ದಿನ ಕಳೆದದ್ದೇ ತಡ, ಅವನು ಮನೆ ಮಾರಿದ, ಕಾರೂ ಮಾರಿದ. ಹಳೇ ಪೇಟೆಯಲ್ಲಿ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಂಥ ಓಣಿಯಲ್ಲಿ ಎರಡು ಕೋಣೆಯ ಈ ಮನೆ ಹಿಡಿದ. ಯಾಕೆಂದು ಮಗ ಕೇಳಿದ.

"ಕಾಲು ಗಟ್ಟಿ ಇದಾವಲ್ಲ," ಎಂದನಷ್ಟೆ.

ಆ ಮಾತನ್ನು ಶುಹ್ರತ್ ನಂಬಲಿಲ್ಲ. ಅಪ್ಪ ದಾರಿಯಲ್ಲಿ ಯಾರಿಗೋ ಗುದ್ದಿ ಮುಚ್ಚಿಟ್ಟಿರಬಹುದೆಂದು, ಕಾರು ಕೊಂಡವನ ಮನೆ ಹುಡುಕಿಕೊಂಡು ಹೋದ. ಮಂಡಿಯೂರಿ ಬಂಪರನ್ನು ಬೆರಳಿನಿಂದ ಸವರಿ ನೋಡಿದ. ಒಂದು ತಗ್ಗೂ ಇರಲಿಲ್ಲ. ಹಾಗಾದರೆ ಹೆಣ್ಣೇ ಇರಬೇಕು ಎಂದುಕೊಂಡ. ಅಪ್ಪ ದಿನಾ ಬೆಳಿಗ್ಗೆ ಸನೋಬರಳ ತಂದೂರಿನ ಮುಂದೆ ನಿಂತು ಮಾತಾಡುವುದನ್ನು ಕಂಡವರಿದ್ದರು. ಅಲ್ಲಿಂದಾಚೆ ಶುಹ್ರತ್ ಈ ಮನೆಗೆ ಬಂದದ್ದು ಹಬ್ಬಕ್ಕೆ ಮಾತ್ರ.

*

ಸನೋಬರ್ ಅಂಗಳದ ಮೂಲೆಯಲ್ಲಿ ಗಂಗಾಳದ ತುಂಬ ರೊಟ್ಟಿ ಜೋಡಿಸುತ್ತಿದ್ದಳು. ಅರವತ್ತರ ಹೆಂಗಸು. ಮುಂಗೈ ತುಂಬ ಸುಟ್ಟ ಕಲೆ.

ಶುಹ್ರತ್ ದನಿ ತಗ್ಗಿಸಿದ. "ಒಂದು ಮಾತು ಕೇಳ್ತೀನಿ ಅಕ್ಕ. ಅಪ್ಪ ನಿಮಗೆ ಏನಾಗಬೇಕಿತ್ತು?"

ಅವಳು ಕಣ್ಣೊರೆಸಿಕೊಂಡಳು. ಸಿಟ್ಟಾಗಲಿಲ್ಲ.

"ಒಂದು ದಿನಾನೂ ನನ್ನ ಹೊಸ್ತಿಲು ದಾಟಿದವರಲ್ಲ. ಬೆಳಿಗ್ಗೆ ಒಂದು ರೊಟ್ಟಿ ತಗೊಳ್ಳೋರು, ಇವತ್ತು ಯಾರ ಮನೇಲಾದ್ರೂ ಸಾವಾಗಿದೆಯಾ ಅಂತ ಕೇಳೋರು. ಆಗಿದ್ರೆ ಆ ರೊಟ್ಟಿ ಕಂಕುಳಲ್ಲಿ ಇಟ್ಕೊಂಡೇ ನಡ್ಕೊಂಡು ಹೋಗೋರು. ಗುರುತಿರಲಿ ಬಿಡಲಿ, ಹೆಗಲು ಕೊಟ್ಟು ಬರೋರು."

"ಅದಕ್ಕೋಸ್ಕರ ಮನೆ ಮಾರ್ತಾರಾ ಯಾರಾದ್ರೂ?"

"ನಿಮ್ಮಮ್ಮನ್ನ ಎತ್ತೋಕೆ ನಾಲ್ಕನೇ ಹೆಗಲು ಸಿಗಲಿಲ್ಲವಂತೆ. ಅಕ್ಕಪಕ್ಕದೋರು ಕಾರು ಹತ್ತಿ ಕೆಲಸಕ್ಕೆ ಹೋಗಿಬಿಟ್ಟಿದ್ರಂತೆ. ಕೊನೆಗೆ ಶವದ ವ್ಯಾನಿನ ಡ್ರೈವರ್ ಎತ್ತಿದ್ನಂತೆ. ಇದ್ದಲ್ಲೇ ಇದ್ರೆ ನಾಳೆ ನನಗೂ ಅದೇ ಗತಿ ಅಂದಿದ್ರು."

"ನನಗ್ಯಾಕೆ ಹೇಳಲಿಲ್ಲ?"

ಸನೋಬರ್ ರೊಟ್ಟಿಯ ಮೇಲೆ ಬಟ್ಟೆ ಹೊದಿಸಿದಳು. "ಅವತ್ತು ನೀವು ತಡವಾಗಿ ಬಂದ್ರಂತಲ್ಲಪ್ಪ. ಹೇಗೆ ಹೇಳ್ತಾರೆ?"

ಹೌದು. ಹೆದ್ದಾರಿಯಲ್ಲಿ ವಾಹನಗಳ ಸಾಲಿನಲ್ಲಿ ಅವನು ಒಂದೂವರೆ ಗಂಟೆ ಸಿಕ್ಕಿಕೊಂಡಿದ್ದ. ಮನೆ ಮುಟ್ಟುವಾಗ ವ್ಯಾನಿನ ಬಾಗಿಲು ಮುಚ್ಚಿಯಾಗಿತ್ತು. ಕಾಯಲಾಗಲಿಲ್ಲವೇ ಎಂದು ಅಪ್ಪನ ಮೇಲೆ ರೇಗಿಯೂ ಇದ್ದ.

ಮಧ್ಯಾಹ್ನದ ನಮಾಜಿನ ನಂತರ ಮಸೀದಿಯಿಂದ ಅಪ್ಪನ ಶವ ಹೊತ್ತ ಜನಾಜಾ ಹೊರಟಿತು. ಶುಹ್ರತ್ ಮುಂದಿನ ಬಲಗಡೆಗೆ ಹೆಗಲು ಕೊಟ್ಟಿದ್ದ. ಆದರೂ ಅವನ ಮನಸ್ಸು ಪೂರ್ತಿ ನಂಬಿರಲಿಲ್ಲ. ಹೆಂಗಸು ಮಾತು ಹೆಣೆದಿರಬಹುದು. ತನ್ನನ್ನು ಚುಚ್ಚುವುದಕ್ಕೇ ಹೇಳಿರಬಹುದು.

ಓಣಿಯ ತಿರುವಿನಲ್ಲಿ ತಾಮ್ರ ಬಡಿಯುವ ಸದ್ದು ನಿಂತಿತು. ಚಹಾದಂಗಡಿಯಲ್ಲಿದ್ದವರು ಬಟ್ಟಲು ಕೆಳಗಿಟ್ಟು ಎದ್ದರು. ಒಬ್ಬೊಬ್ಬರೇ ಒಳನುಗ್ಗಿ ಏಳೇಳು ಹೆಜ್ಜೆ ಹೊತ್ತು ಮುಂದಿನವರಿಗೆ ಬಿಟ್ಟುಕೊಟ್ಟರು. ಅವರಲ್ಲಿ ಒಬ್ಬರ ಹೆಸರೂ ಶುಹ್ರತನಿಗೆ ಗೊತ್ತಿರಲಿಲ್ಲ.

ಕ್ಷೌರದಂಗಡಿಯಿಂದ ಒಬ್ಬ ದಡಬಡನೆ ಇಳಿದು ಬಂದ. ಕೊರಳಿಗೆ ಬಿಳಿ ಬಟ್ಟೆ ಕಟ್ಟಿಯೇ ಇತ್ತು. ಒಂದು ಕೆನ್ನೆ ನುಣ್ಣಗೆ ಬೋಳಿಸಿದ್ದು, ಇನ್ನೊಂದರ ತುಂಬ ಸೋಪಿನ ನೊರೆ. ಅವನು ಶುಹ್ರತನನ್ನು ಮೊಣಕೈಯಿಂದ ಮೆಲ್ಲಗೆ ಬದಿಗೆ ಸರಿಸಿ, ನೊರೆಯಿದ್ದ ಕೆನ್ನೆಯನ್ನು ಆಚೆ ತಿರುಗಿಸಿಕೊಂಡು, ಹೆಗಲು ಕೊಟ್ಟು ನಡೆದ.